ಜಿಐ ಪೈಪಿಗೆ ಬಣ್ಣ ಯಾಕೆ ನಿಲ್ಲೋದಿಲ್ಲ? ಶೆಡ್ಡಿಗೆ ಪೇಂಟ್ ಹೊಡೆಸುವ ಮುನ್ನ ಒಮ್ಮೆ ಓದಿ



ಈ ವಾರ ಬೆಳೆಯ ವಿಷಯ ಅಲ್ಲ, ಬೆಳೆಗೆ ನೆರಳು ಕೊಡುವ ಶೆಡ್ಡಿನ ವಿಷಯ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆ ಈಗ ಹೊಲಕ್ಕೊಂದು ಜಿಐ ಶೆಡ್ಡು ಎದ್ದಿದೆ. ಬೀಜೋತ್ಪಾದನೆಯ ನೆಟ್ ಹೌಸ್, ದನದ ಕೊಟ್ಟಿಗೆ, ಗೋವಿನಜೋಳದ ತೆನೆ ಹಾಕುವ ತಗಡಿನ ಮನೆ, ಮೆಣಸಿನಕಾಯಿ ರಾಶಿಗೆ ಮರೆ, ಎಲ್ಲಕ್ಕೂ ಸತು ಲೇಪಿಸಿದ ಕಬ್ಬಿಣವೇ. ಕಟ್ಟಿದ ಮೇಲೆ ಚೆಂದ ಕಾಣಲಿ, ಜಂಗು ಹಿಡಿಯದಿರಲಿ ಅಂತ ಬಣ್ಣ ಹೊಡೆಸುತ್ತೇವೆ. ವರ್ಷ ಕಳೆಯುವುದರೊಳಗೆ ಆ ಬಣ್ಣ ಹಪ್ಪಳದ ಹಾಗೆ ಎದ್ದು ಉದುರುತ್ತದೆ. "ಪೇಂಟ್ ಡುಪ್ಲಿಕೇಟ್ ಇತ್ತು", "ಪೇಂಟರ್ ಮೋಸ ಮಾಡಿದ" ಅಂತ ಬೈದು ಸುಮ್ಮನಾಗುತ್ತೇವೆ. ನಿಜವಾದ ಕಾರಣ ಬಹಳ ಸಲ ಎರಡೂ ಅಲ್ಲ.

ನಾನು ಕಲಿತ ಪಾಠ

ಕೆಲವು ವರ್ಷದ ಹಿಂದೆ ನಮ್ಮ ಹೊಲದಲ್ಲಿ 20ಕ್ಕೆ 40 ಅಡಿಯ ಒಂದು ಶೆಡ್ಡು ಹಾಕಿಸಿದೆ. ಅರ್ಧ ದನಕ್ಕೆ, ಅರ್ಧ ಸುಗ್ಗಿಗೆ. ಹೊಸ ಜಿಐ ಪೈಪು, ಹೊಸ ತಗಡು, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಪೇಂಟರ್ ಬಂದು ನೋಡಿ ಹೇಳಿದ, "ಸರ, ಎಲ್ಲಾ ಕಬ್ಬಿಣಾನ ಅಲ್ಲೇನ್ರಿ? ಮೊದ್ಲ ಒಂದ್ ಕೋಟ್ ರೆಡ್ ಆಕ್ಸೈಡ್ ಹೊಡದು, ಮ್ಯಾಲೆ ಎರಡ್ ಕೋಟ್ ಎನಾಮಲ್ ಎಳದ್ರ ಹತ್ ವರ್ಷ ಅಲ್ಲಾಡಂಗಿಲ್ಲ." ನಾನೂ ಹೂಂ ಅಂದೆ. ಮೂರೇ ದಿನದಲ್ಲಿ ಶೆಡ್ಡು ಹಸಿರಾಗಿ ನಿಂತಿತು. ನೋಡಿದವರೆಲ್ಲ ಹೊಗಳಿದರು.

ಒಂದು ಮಳೆಗಾಲ ದಾಟಿತು. ದಸರಾ ಹೊತ್ತಿಗೆ ಕಂಬಕ್ಕೆ ಎತ್ತು ಮೈ ತಿಕ್ಕಿದ ಕಡೆ ಬಣ್ಣ ಅಂಗೈ ಅಗಲ ಕಿತ್ತು ಬಂತು. ಉಗುರು ತೂರಿಸಿ ಎಳೆದರೆ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಉದ್ದಕ್ಕೆ ಸುಲಿಯಿತು. ಕೆಳಗೆ ಪೈಪು ಮೊದಲಿನಂತೆ ಬೆಳ್ಳಗೆ, ಜಂಗಿನ ಸುಳಿವೇ ಇಲ್ಲ. ಬಣ್ಣದ ಚೂರಿನ ಹಿಂಬದಿ ಮುಟ್ಟಿದರೆ ಸ್ವಲ್ಪ ಜಾರುವ ಹಾಗಿತ್ತು. ಅದು ಏನು ಅಂತ ಆಗ ನನಗೆ ಗೊತ್ತಾಗಲಿಲ್ಲ.

ಇಷ್ಟೇ ಆಗಿದ್ದರೆ ಅಂದ ಕೆಟ್ಟಿತು ಅಂತ ಬಿಡಬಹುದಿತ್ತು. ಆ ಸಲ ಮೋಡ ಕವಿದಾಗ ಮೆಣಸಿನಕಾಯಿಯನ್ನು ಶೆಡ್ಡಿನೊಳಗೆ ತಾಡಪಾಲಿನ ಮೇಲೆ ಹರವಿದ್ದೆವು. ಮಾರ್ಕೆಟ್ಟಿನಲ್ಲಿ ಚೀಲ ಬಿಚ್ಚಿ ಕೈ ಹಾಕಿದ ವ್ಯಾಪಾರಿ ಎರಡು ಚೂರು ಎತ್ತಿ ಹಿಡಿದು, "ಏನ್ರೀ ಯಜಮಾನ್ರ, ಕಾಯೊಳಗ ಬಣ್ಣ ಬಂದೈತೆಲ್ರಿ?" ಅಂದ. ಒಂದು ಹಸಿರು ಚೂರು, ಇನ್ನೊಂದು ರೆಡ್ ಆಕ್ಸೈಡಿನ ಕೆಂಪು ಚೂರು. ಹಸಿರನ್ನು ಆರಿಸಬಹುದು. ಕೆಂಪು ಕಾಯಿಯಲ್ಲಿ ಕೆಂಪು ಚೂರು ಆರಿಸುವುದು ಹೇಗೆ? ಆ ಲಾಟು ಬದಿಗೆ ಸರಿಯಿತು. ಮನೆಯವರೆಲ್ಲ ಕೂತು ಎರಡು ದಿನ ಕಾಯಿ ಆರಿಸಿದೆವು.

ಬ್ಯಾಡಗಿ ಮೆಣಸಿನಕಾಯಿ ಮಾರಾಟವಾಗುವುದೇ ಅದರ ಬಣ್ಣಕ್ಕೆ. ಖಾರ ಕಡಿಮೆ, ಕೆಂಪು ಹೆಚ್ಚು, ಅದಕ್ಕೇ ಓಲಿಯೋರೆಸಿನ್ ತೆಗೆಯುವವರು ಇದನ್ನು ಹುಡುಕಿಕೊಂಡು ಬರುತ್ತಾರೆ. 2011ರಲ್ಲಿ ಇದಕ್ಕೆ ಜಿಐ ಮಾನ್ಯತೆಯೂ ಸಿಕ್ಕಿತು. ಆ ಜಿಐ ಬೇರೆ, ಪೈಪಿನ ಜಿಐ ಬೇರೆ. ಮೊದಲನೆಯದು ಊರಿನ ಹೆಸರು ಕಾಯುವ ಮುದ್ರೆ, ಎರಡನೆಯದು ಗ್ಯಾಲ್ವನೈಸ್ಡ್ ಐರನ್. ಆದರೆ ಎರಡನೆಯ ಜಿಐ ಮೇಲಿನ ತಪ್ಪು ಬಣ್ಣ ಮೊದಲನೆಯ ಜಿಐ ಮರ್ಯಾದೆ ತೆಗೆಯಬಹುದು ಅನ್ನೋದು ನನಗೆ ಆ ದಿನ ಅರ್ಥವಾಯಿತು.

ಹಾಗಾದರೆ ಬಣ್ಣ ಯಾಕೆ ಎದ್ದಿತು?

ಪೇಂಟರ್ ಹೇಳಿದ "ಎಲ್ಲಾ ಕಬ್ಬಿಣಾನ" ಅನ್ನೋ ಮಾತೇ ತಪ್ಪು. ಒಳಗೆ ಕಬ್ಬಿಣ ನಿಜ. ಆದರೆ ಬಣ್ಣ ಮುಟ್ಟುವುದು ಕಬ್ಬಿಣವನ್ನಲ್ಲ, ಅದರ ಮೇಲಿನ ಸತುವನ್ನು. ಗೋವಿನಜೋಳಕ್ಕೆ ಜಿಂಕ್ ಸಲ್ಫೇಟ್ ಹಾಕುತ್ತೇವಲ್ಲ, ಅದೇ ಜಿಂಕ್. ಕಬ್ಬಿಣವನ್ನು ಸುಮಾರು 450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದ ಸತುವಿನಲ್ಲಿ ಅದ್ದಿ ತೆಗೆಯುತ್ತಾರೆ. ಫ್ರಾನ್ಸಿನಲ್ಲಿ ಸೊರೆಲ್ ಅನ್ನುವವರು 1837ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಸತು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ಅದಕ್ಕೇ ಸಣ್ಣ ಗೀರು ಬಿದ್ದರೂ ಜಿಐ ಪೈಪಿಗೆ ಜಂಗು ಬೇಗ ಹಿಡಿಯೋದಿಲ್ಲ.

ಈ ಸತುವಿನ ಮೇಲೆ ಬಣ್ಣ ನಿಲ್ಲದಿರಲು ಮೂರು ಕಾರಣ.

ಮೊದಲನೆಯದು, ನುಣುಪು. ಹೊಸ ಜಿಐ ಮೇಲೆ ಬಣ್ಣ ಕಚ್ಚಿಕೊಳ್ಳಲು ಒರಟೇ ಇರುವುದಿಲ್ಲ. ಗಾಜಿಗೆ ಸುಣ್ಣ ಬಳಿದ ಹಾಗೆ.

ಎರಡನೆಯದು, ಮೇಲಿನ ಪೊರೆ. ಗೋದಾಮಿನಲ್ಲಿ ಬಿಳಿ ಜಂಗು ಹಿಡಿಯದಿರಲಿ ಅಂತ ಕಾರ್ಖಾನೆಯಲ್ಲೇ ತೆಳುವಾಗಿ ಎಣ್ಣೆ ಸವರಿರುತ್ತಾರೆ, ಇಲ್ಲವೇ ಕ್ರೋಮೇಟ್ ದ್ರಾವಣದಲ್ಲಿ ಅದ್ದಿರುತ್ತಾರೆ. ಕಣ್ಣಿಗೆ ಕಾಣೋದಿಲ್ಲ, ಆದರೆ ಬಣ್ಣವನ್ನು ಹತ್ತಿರ ಬಿಡೋದಿಲ್ಲ.

ಮೂರನೆಯದೇ ನಿಜವಾದ ಕಳ್ಳ. ಎನಾಮಲ್ ಪೇಂಟ್, ಸಾದಾ ರೆಡ್ ಆಕ್ಸೈಡ್ ಪ್ರೈಮರ್ ಎರಡೂ ಆಲ್ಕಿಡ್ ಜಾತಿಯವು. ಆಲ್ಕಿಡ್ ತಯಾರಾಗುವುದು ಸೋಯಾ, ಅಗಸಿಯಂಥ ಎಣ್ಣೆಗಳಿಂದ. ಸತುವಿನ ಮೇಲೆ ತೇವ ಕೂತಾಗ ಹುಟ್ಟುವ ಪದಾರ್ಥ ಕ್ಷಾರದ ಗುಣದ್ದು. ಎಣ್ಣೆಗೆ ಕ್ಷಾರ ಕೂಡಿದರೆ ಏನಾಗುತ್ತದೆ? ಸಾಬೂನು. ಬಣ್ಣದ ತಳದಲ್ಲಿ ನಿಧಾನವಾಗಿ ಸತುವಿನ ಸಾಬೂನು ಹುಟ್ಟುತ್ತದೆ, ಬಣ್ಣ ಅದರ ಮೇಲೆ ಜಾರಿ ಏಳುತ್ತದೆ. ನಾನು ಚೂರಿನ ಹಿಂಬದಿ ಮುಟ್ಟಿದಾಗ ಜಾರಿದ್ದು ಅದೇ.

ಇದು ಒಂದೇ ದಿನದಲ್ಲಿ ಆಗೋದಿಲ್ಲ, ತಿಂಗಳುಗಟ್ಟಲೆ ಹಿಡಿಯುತ್ತದೆ. ಅದಕ್ಕೇ ಪೇಂಟರ್ ಹಣ ಎಣಿಸಿಕೊಂಡು ಹೋಗುವಾಗ ಎಲ್ಲಾ ಚೆನ್ನಾಗೇ ಇರುತ್ತದೆ. ಆತ ಮೋಸ ಮಾಡಿದ ಅಂತಲೂ ಅಲ್ಲ. ಗೇಟು, ಕಿಟಕಿ, ಟ್ರ್ಯಾಲಿಯಂಥ ಸಾದಾ ಕಬ್ಬಿಣಕ್ಕೆ ಅದೇ ಪದ್ಧತಿ ಸರಿ. ಜಿಐಗೆ ಮಾತ್ರ ತಪ್ಪು.

ಮೊದಲ ಪ್ರಶ್ನೆ: ಬಣ್ಣ ಬೇಕೇ ಬೇಕಾ?

ಇದನ್ನು ಅಂಗಡಿಯವರು ಕೇಳೋದಿಲ್ಲ, ನಾವೇ ಕೇಳಿಕೊಳ್ಳಬೇಕು. ಒಂದು ಲೆಕ್ಕ ನೋಡಿ. ಒಂದು ಚದರ ಮೀಟರ್ ಮೇಲೆ ಸುಮಾರು 7 ಗ್ರಾಂ ಸತು ಇದ್ದರೆ ಅದರ ದಪ್ಪ 1 ಮೈಕ್ರಾನ್. ತಗಡಿನ ಮೇಲೆ "120 ಜಿಎಸ್ಎಂ", "275 ಜಿಎಸ್ಎಂ" ಅಂತ ಬರೆದಿರುವುದು ಎರಡೂ ಮಗ್ಗುಲು ಸೇರಿಸಿ. ಅಂದರೆ 120ರ ತಗಡಿಗೆ ಒಂದು ಮಗ್ಗುಲಿಗೆ ಸುಮಾರು 8 ಮೈಕ್ರಾನ್, 275ರದ್ದಕ್ಕೆ ಸುಮಾರು 19 ಮೈಕ್ರಾನ್. ಕಾರ್ಖಾನೆ ಹೊಗೆ, ಸಮುದ್ರದ ಗಾಳಿ ಇಲ್ಲದ ಹಳ್ಳಿಯ ಬಯಲಿನಲ್ಲಿ ಸತು ವರ್ಷಕ್ಕೆ 1 ಮೈಕ್ರಾನಿಗಿಂತ ಕಡಿಮೆ ಸವೆಯುವುದು ಸಾಮಾನ್ಯ. ಹಾಗಾಗಿ ದಪ್ಪ ಲೇಪ ಇರುವ ತಗಡು ಬಣ್ಣವೇ ಇಲ್ಲದೆ 20 ವರ್ಷ ನಿಲ್ಲಬಹುದು. ಕಟ್ಟಿದ ಮೇಲೆ ಇಡಿಯಾಗಿ ಸತುವಿನಲ್ಲಿ ಅದ್ದಿದ ದಪ್ಪ ಚಾನೆಲ್, ಆ್ಯಂಗಲ್‌ಗಳದ್ದು ಇನ್ನೂ ಗಟ್ಟಿ. 5 ಮಿ.ಮೀ. ಮತ್ತು ಅದಕ್ಕಿಂತ ದಪ್ಪದ ಕಬ್ಬಿಣಕ್ಕೆ ಭಾರತೀಯ ಮಾನಕ ಐಎಸ್ 4759 ಕೇಳುವುದು ಚದರ ಮೀಟರಿಗೆ 610 ಗ್ರಾಂ, ಅಂದರೆ ಸುಮಾರು 85 ಮೈಕ್ರಾನ್.

ಹಾಗಾಗಿ ಗಾಳಿ ಬೆಳಕು ಚೆನ್ನಾಗಿ ಆಡುವ ನೆಟ್ ಹೌಸಿನ ಮೇಲಿನ ಪೈಪುಗಳಿಗೆ ಬರೀ ಅಂದಕ್ಕೆ ಅಂತ ಬಣ್ಣ ಹೊಡೆಸುವುದು ದುಡ್ಡು ದಂಡ. ತಪ್ಪು ಬಣ್ಣಕ್ಕಿಂತ ಬರಿ ಸತುವೇ ಮೇಲು.

ಬಣ್ಣ ನಿಜವಾಗಿ ಬೇಕಾಗುವುದು ಈ ಕಡೆಗಳಲ್ಲಿ:

- ಕಂಬ ನೆಲ ಸೇರುವ ಜಾಗ. ಕಾಂಕ್ರೀಟಿನ ಮೇಲೆ ನೀರು ನಿಂತು ಸತು ಬೇಗ ತಿನ್ನುತ್ತದೆ.
- ವೆಲ್ಡಿಂಗ್ ಮಾಡಿದ, ಕಟರ್ ಹಾಕಿದ, ಡ್ರಿಲ್ ಹೊಡೆದ ಜಾಗ. ಅಲ್ಲಿ ಸತು ಸುಟ್ಟೋ ಕಿತ್ತೋ ಹೋಗಿರುತ್ತದೆ.
- ಕೊಟ್ಟಿಗೆಯಲ್ಲಿ ಗಂಜಲ, ಸಗಣಿ ಸಿಡಿಯುವ ಕೆಳಗಿನ ಮೂರ್ನಾಲ್ಕು ಅಡಿ.
- ಗೊಬ್ಬರ ಇಡುವ ಮನೆ. ಯೂರಿಯಾ, ಡಿಎಪಿ ಪುಡಿ ತೇವ ಹೀರಿ ತಗಡಿಗೆ ಅಂಟಿ ಸತುವನ್ನು ತಿನ್ನುತ್ತದೆ.
- ಬಿಸಿಲು ಕಡಿಮೆ ಮಾಡಲು ಚಾವಣಿಗೆ ಹೊರಗಿನಿಂದ ಬಿಳಿ ಬಣ್ಣ ಬೇಕಾದಾಗ.

ಸರಿಯಾಗಿ ಹೊಡೆದ ಬಣ್ಣದ ಲಾಭ ಮಾತ್ರ ದೊಡ್ಡದು. ಬಣ್ಣ ಸತುವನ್ನು ಕಾಯುತ್ತದೆ, ಬಣ್ಣ ಬಿರಿದ ಕಡೆ ಸತು ಕಬ್ಬಿಣವನ್ನು ಕಾಯುತ್ತದೆ. ಎರಡರ ಆಯಸ್ಸು ಬೇರೆ ಬೇರೆ ಕೂಡಿಸಿದರೆ ಎಷ್ಟೋ, ಅದರ ಒಂದೂವರೆಯಿಂದ ಎರಡು ಪಟ್ಟು ಜೋಡಿಯಾಗಿ ಬಾಳುತ್ತವೆ ಅನ್ನೋದು ಈ ಕೆಲಸದವರ ಬಹುಕಾಲದ ಅನುಭವ.

ನಿಮ್ಮ ಜಿಐ ಯಾವ ವಯಸ್ಸಿನದು?

ಬಣ್ಣ ಹೊಡೆಯುವ ಮುನ್ನ ಸತುವಿನ ವಯಸ್ಸು ನೋಡಬೇಕು. ಅದ್ದಿ ತೆಗೆದ ಸತು ಗಾಳಿಗೆ ಮೊದಲು ಆಕ್ಸೈಡ್ ಆಗುತ್ತದೆ, ತೇವ ಸೇರಿ ಹೈಡ್ರಾಕ್ಸೈಡ್ ಆಗುತ್ತದೆ, ಆಮೇಲೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಗಟ್ಟಿ ಕಾರ್ಬೋನೇಟ್ ಪೊರೆಯಾಗುತ್ತದೆ. ಮೊದಲಿನ ಎರಡು ಸಡಿಲ, ಪುಡಿಪುಡಿ. ಕೊನೆಯದು ಗಟ್ಟಿ ಮತ್ತು ತುಸು ಒರಟು, ಬಣ್ಣಕ್ಕೆ ಒಳ್ಳೆಯ ಹಿಡಿತ ಕೊಡುತ್ತದೆ.

ಹೊಳೆಯುತ್ತಿದ್ದರೆ: ಹೊಸದು. ಎಣ್ಣೆಯೋ ಕ್ರೋಮೇಟೋ ಇರಬಹುದು. ತೊಳೆದು, ಒರಟು ಮಾಡಿ, ಸರಿಯಾದ ಪ್ರೈಮರ್ ಹಾಕದೆ ಬಣ್ಣ ಬೇಡ.

ಅಲ್ಲಲ್ಲಿ ಮಂಕು, ಬಿಳಿ ಪುಡಿ: ಅರ್ಧ ವಯಸ್ಸಿನದು. ಬಹಳ ಜಾಗ್ರತೆ ಬೇಕಾದದ್ದು ಇದಕ್ಕೇ. ಸಡಿಲ ಪುಡಿ ಪೂರ್ತಿ ಹೋಗಬೇಕು.

ಒಂದೇ ಸಮ ಬೂದು ಬಣ್ಣ, ಹೊಳಪೇ ಇಲ್ಲ: ಪಕ್ವವಾದದ್ದು. ಧೂಳು, ಜಿಡ್ಡು ತೊಳೆದು ಒಣಗಿಸಿದರೆ ಸಾಕು, ಪ್ರೈಮರ್‌ಗೆ ಸಿದ್ಧ.

ಬಯಲಲ್ಲಿ ಮಳೆ ಬಿಸಿಲು ಉಂಡ ಜಿಐ ಹೀಗೆ ಪಕ್ವವಾಗಲು ಆರು ತಿಂಗಳಿಂದ ಎರಡು ವರ್ಷ ಬೇಕು. ಅವಸರ ಇಲ್ಲದವರು ಒಂದು ಮಳೆಗಾಲ ಪೂರ್ತಿ ದಾಟಿಸಿ ಬಣ್ಣ ಹೊಡೆಸುವುದು ಅತಿ ಸುಲಭದ ಉಪಾಯ. ಆದರೆ ಒಂದು ಮಾತು ನೆನಪಿರಲಿ: ಮಳೆ ತಾಗದ ಒಳಗಿನ ಪೈಪುಗಳು ಬೇಗ ಪಕ್ವವಾಗೋದಿಲ್ಲ. ಹೊರಗಿನದನ್ನು ನೋಡಿ ಒಳಗಿನದಕ್ಕೂ ಅದೇ ತೀರ್ಮಾನ ಬೇಡ. ಹಾನಗಲ್ ಕಡೆ ಮಳೆ ಹೆಚ್ಚು, ರಾಣೆಬೆನ್ನೂರು ಕಡೆ ಕಡಿಮೆ, ಹಾಗಾಗಿ ತಿಂಗಳು ಎಣಿಸುವುದಕ್ಕಿಂತ ಕಣ್ಣಿಂದ ನೋಡಿ ಹೇಳುವುದೇ ಸರಿ.

ಮನೆಯಲ್ಲೇ ಎರಡು ಪರೀಕ್ಷೆ

ನೀರಿನ ಪರೀಕ್ಷೆ. ಪೈಪಿನ ಮೇಲೆ ಚೊಂಬು ನೀರು ಸುರಿಯಿರಿ. ನೀರು ಒಂದೇ ಸಮ ಹಾಳೆಯ ಹಾಗೆ ಹರಿದರೆ ಎಣ್ಣೆ ಇಲ್ಲ. ಕೆಸುವಿನ ಎಲೆ ಮೇಲಿನಂತೆ ಹನಿಹನಿಯಾಗಿ ಒಡೆದರೆ ಎಣ್ಣೆ ಇದೆ.

ಮೈಲುತುತ್ತದ ಪರೀಕ್ಷೆ. ಬೋರ್ಡೋ ದ್ರಾವಣ ಮಾಡುವವರಿಗೆ ಇದು ಹೊಸದೇನಲ್ಲ. ದ್ರಾವಣದಲ್ಲಿ ಚಾಕು ಅದ್ದಿ, ತಾಮ್ರ ಕೂತರೆ ಇನ್ನೂ ಸುಣ್ಣ ಬೇಕು ಅನ್ನುತ್ತೇವಲ್ಲ, ಇದೂ ಅದೇ ತತ್ವ. 100 ಮಿ.ಲೀ. ನೀರಿಗೆ 2 ಗ್ರಾಂ ಮೈಲುತುತ್ತವನ್ನು ಪ್ಲಾಸ್ಟಿಕ್ ಲೋಟದಲ್ಲಿ ಕರಗಿಸಿ. ತುಂಡು ಪೈಪಿನ ಒಂದು ಕಡೆ ಉಜ್ಜುಕಾಗದದಿಂದ ತಿಕ್ಕಿ, ಇನ್ನೊಂದು ಕಡೆ ಹಾಗೇ ಬಿಡಿ. ಎರಡೂ ಕಡೆ ಒಂದೊಂದು ಹನಿ ಹಾಕಿ. ತಿಕ್ಕಿದ ಕಡೆ ತಕ್ಷಣ ಕಪ್ಪಾಗುತ್ತದೆ. ತಿಕ್ಕದ ಕಡೆಯೂ ತಕ್ಷಣ ಕಪ್ಪಾದರೆ ಕ್ರೋಮೇಟ್ ಪೊರೆ ಇಲ್ಲ. ಹನಿ ನೀಲಿಯಾಗೇ ಕೂತು ಕಪ್ಪಾಗಲು ಹೊತ್ತು ಹಿಡಿದರೆ ಪೊರೆ ಇದೆ, ಅದನ್ನು ಉಜ್ಜಿ ತೆಗೆಯಲೇಬೇಕು. ಪರೀಕ್ಷೆಯನ್ನು ಬೇಡವಾದ ತುಂಡಿನ ಮೇಲೆ ಮಾಡಿ. ಸತುವಿನ ಮೇಲೆ ತಾಮ್ರ ಕೂತರೆ ಆ ಜಾಗ ಬೇಗ ಸವೆಯುತ್ತದೆ. ಇದೇ ಕಾರಣಕ್ಕೆ ಬೋರ್ಡೋವನ್ನು ಜಿಐ ಬಕೆಟ್ಟಿನಲ್ಲಿ ಕಲಸಬಾರದು, ನೆಟ್ ಹೌಸಿನಲ್ಲಿ ಸಿಂಪಡಿಸಿದರೆ ಪೈಪಿಗೆ ಬಿದ್ದದ್ದನ್ನು ತೊಳೆಯಬೇಕು.

ಬಣ್ಣ ಹೊಡೆಯುವ ಕ್ರಮ

1. ತೊಳೆಯಿರಿ. ಬಟ್ಟೆ ಸೋಪಿನ ಪುಡಿ ಕಲಸಿದ ಬೆಚ್ಚನೆಯ ನೀರು, ನೈಲಾನ್ ಬ್ರಷ್. ಆಮೇಲೆ ಸಿಹಿನೀರಿನಲ್ಲಿ ಎರಡು ಸಲ ತೊಳೆಯಿರಿ. ಬೋರ್‌ವೆಲ್ ನೀರು ಗಡಸಿದ್ದರೆ ಕೊನೆಯ ಸಲ ಕುಡಿಯುವ ನೀರು ಬಳಸಿ, ಇಲ್ಲದಿದ್ದರೆ ಉಪ್ಪಿನ ಕಲೆ ಉಳಿಯುತ್ತದೆ. ಸೀಮೆಎಣ್ಣೆ, ಡೀಸೆಲ್‌ನಲ್ಲಿ ಒರೆಸಬೇಡಿ, ಅವೇ ಜಿಡ್ಡು ಬಿಡುತ್ತವೆ. ಸಂಡಾಸು ತೊಳೆಯುವ ಆ್ಯಸಿಡ್, ಕಾಸ್ಟಿಕ್ ಸೋಡಾ ಎರಡೂ ಬೇಡ, ಸತುವನ್ನೇ ತಿಂದುಬಿಡುತ್ತವೆ.

2. ಬಿಳಿ ಜಂಗು ತೆಗೆಯಿರಿ. ತಗಡನ್ನು ಒಂದರ ಮೇಲೊಂದು ಒಟ್ಟಿ ಮಳೆಯಲ್ಲಿ ಬಿಟ್ಟಾಗ ನಡುವೆ ಬಿಳಿ ಪುಡಿ ಹಿಡಿಯುತ್ತದೆ. ಕಡಿಮೆ ಇದ್ದರೆ ನೈಲಾನ್ ಬ್ರಷ್ಷಿಗೆ ಹೋಗುತ್ತದೆ. ಬಿಗಿಯಾಗಿದ್ದರೆ ನಿಂಬೆ ರಸ ಅಥವಾ ವಿನೆಗರ್ ಹಚ್ಚಿ ತಿಕ್ಕಿ, ಕೂಡಲೇ ಚೆನ್ನಾಗಿ ತೊಳೆಯಿರಿ. ಕಬ್ಬಿಣದ ತಂತಿ ಬ್ರಷ್ ಬೇಡ. ಅದರ ಚೂರು ಸತುವಿನಲ್ಲಿ ಸಿಕ್ಕಿ ಅದೇ ಜಂಗು ಹಿಡಿಯುತ್ತದೆ.

3. ಲಘುವಾಗಿ ಉಜ್ಜಿರಿ. ಸಣ್ಣ ಕಾಳಿನ ಉಜ್ಜುಕಾಗದದಿಂದ ಹೊಳಪು ಹೋಗುವಷ್ಟು ಮಾತ್ರ. ಗ್ರೈಂಡರ್ ಹಾಕಬೇಡಿ. 8 ಮೈಕ್ರಾನ್ ಸತು ಗ್ರೈಂಡರಿಗೆ ಒಂದು ಕ್ಷಣದ ತುತ್ತು. ಉಜ್ಜಿದ ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ.

4. ವೆಲ್ಡಿಂಗ್ ಜಾಗಕ್ಕೆ ಜಿಂಕ್ ರಿಚ್ ಪೇಂಟ್. ಸ್ಲ್ಯಾಗ್ ಬಡಿದು ತೆಗೆದು, ಕಬ್ಬಿಣ ಬೆಳ್ಳಗೆ ಕಾಣುವ ಹಾಗೆ ಉಜ್ಜಿ, ಸತುವಿನ ಪುಡಿ ಹೆಚ್ಚಿರುವ ಈ ಪೇಂಟ್ ಹಚ್ಚಿ. ಬೆಳ್ಳಿ ಬಣ್ಣದ ಅಲ್ಯೂಮಿನಿಯಂ ಪೇಂಟ್ ನೋಡಲು ಹಾಗೇ ಕಂಡರೂ ಸತುವಿನ ಕೆಲಸ ಮಾಡೋದಿಲ್ಲ.

5. ಅದೇ ದಿನ ಪ್ರೈಮರ್. ತೊಳೆದು ಉಜ್ಜಿದ ಸತು ರಾತ್ರಿಯ ಇಬ್ಬನಿಗೆ ಮತ್ತೆ ಪುಡಿ ಕಟ್ಟಲು ಶುರು ಮಾಡುತ್ತದೆ. ಒಂದು ದಿನಕ್ಕೆ ಎಷ್ಟು ಮುಗಿಸಲು ಆಗುತ್ತೋ ಅಷ್ಟೇ ಉಜ್ಜಿ. ಪ್ರೈಮರ್‌ಗೆ ಮೂರು ದಾರಿ ಇವೆ: ಜಿಐಗೆ ಅಂತಲೇ ಬರುವ ನೀರಿನ ಅಕ್ರಿಲಿಕ್ ಪ್ರೈಮರ್, ಎರಡು ಡಬ್ಬಿ ಕೂಡಿಸುವ ಎಪಾಕ್ಸಿ ಪ್ರೈಮರ್, ಇಲ್ಲವೇ ಎಚ್ ಪ್ರೈಮರ್, ಇದನ್ನೇ ಕೆಲವರು ವಾಶ್ ಪ್ರೈಮರ್ ಅನ್ನುತ್ತಾರೆ. ಎಚ್ ಪ್ರೈಮರ್‌ನಲ್ಲಿರುವ ಫಾಸ್ಫಾರಿಕ್ ಆಮ್ಲ ಸತುವನ್ನು ತುಸು ಕಚ್ಚಿ ಹಿಡಿತ ಮಾಡುತ್ತದೆ. ಅದನ್ನು ಕೆಳಗಿನ ತಗಡು ಮಸುಕಾಗಿ ಕಾಣುವಷ್ಟು ತೆಳುವಾಗಿಯೇ ಹಚ್ಚಬೇಕು. ದಪ್ಪ ಹಚ್ಚಿದರೆ ಅದೇ ಒಡೆಯುತ್ತದೆ. ಡಬ್ಬಿಯ ಮೇಲೆ "ಗ್ಯಾಲ್ವನೈಸ್ಡ್‌ಗೆ ಸೂಕ್ತ" ಅಂತ ಬರೆದಿದೆಯೇ ಅಂತ ಓದಿಸಿ ನೋಡಿ. ಇಲ್ಲದಿದ್ದರೆ ಬೇಡ.

6. ಮೇಲಿನ ಬಣ್ಣ. ಬಿಸಿಲಿಗೆ ಪಾಲಿಯುರೆಥೇನ್ ಅಥವಾ ಹೊರಗಡೆಯ ಅಕ್ರಿಲಿಕ್ ಒಳ್ಳೆಯದು. ಎಪಾಕ್ಸಿಯನ್ನೇ ಮೇಲಿನ ಕೋಟ್ ಮಾಡಿದರೆ ಬಿಸಿಲಿಗೆ ಸೀಮೆಸುಣ್ಣದ ಹಾಗೆ ಪುಡಿಯಾಗುತ್ತದೆ. ಖರ್ಚು ಉಳಿಸಬೇಕು ಅನ್ನುವವರಿಗೆ ಒಂದು ದಾರಿ: ಸತುವಿನ ಮೇಲೆ ಎಪಾಕ್ಸಿ ಪ್ರೈಮರ್ ಒಂದೇ ಸಮ ಹರಡಿ ಒಣಗಿದ್ದರೆ ಅದರ ಮೇಲೆ ಸಾದಾ ಎನಾಮಲ್ ಹೊಡೆಯಬಹುದು. ಎನಾಮಲ್ ಸತುವನ್ನು ಮುಟ್ಟಬಾರದು, ಅಷ್ಟೇ ನಿಯಮ.

7. ಹೊತ್ತು ನೋಡಿ. ದೀಪಾವಳಿ ಆದ ಮೇಲೆ, ಮೆಣಸಿನಕಾಯಿ ಕೊಯ್ಲು ಜೋರಾಗುವ ಮುನ್ನ ನಮ್ಮ ಕಡೆ ಒಳ್ಳೆಯ ಕಾಲ. ಬೆಳಗಿನ ಇಬ್ಬನಿ ಪೂರ್ತಿ ಆರಿದ ಮೇಲೆ ಶುರು ಮಾಡಿ, ಸಂಜೆ ತಂಪಿಗೆ ಮುಂಚೆ ನಿಲ್ಲಿಸಿ. ಏಪ್ರಿಲ್ ಬಿಸಿಲಲ್ಲಿ ಕೈ ಇಡಲಾಗದಷ್ಟು ಕಾದ ತಗಡಿಗೆ ಬಣ್ಣ ಹೊಡೆದರೆ ಹರಡುವ ಮುಂಚೆಯೇ ಒಣಗಿ ಮೇಲೇ ಕೂರುತ್ತದೆ.

ನೆಲ ಸೇರುವ ಕಂಬಕ್ಕೆ ಇನ್ನೊಂದು ಮಾತು. ಕಾಂಕ್ರೀಟಿನ ತಲೆಯನ್ನು ಕಂಬದಿಂದ ಹೊರಕ್ಕೆ ಇಳಿಜಾರು ಮಾಡಿಸಿ, ನೀರು ನಿಲ್ಲಬಾರದು. ನೆಲದ ಗೆರೆಯ ಮೇಲೆ ಒಂದಡಿ, ಕೆಳಗೆ ಒಂದಡಿ ಎಪಾಕ್ಸಿ ಅಥವಾ ಡಾಂಬರು ಪೇಂಟಿನ ಪಟ್ಟಿ ಹಾಕಿಸಿ. ಇಡೀ ಶೆಡ್ಡಿಗೆ ಬಣ್ಣ ಹೊಡೆಸಲು ಆಗದವರು ಇದಿಷ್ಟನ್ನಾದರೂ ಮಾಡಿ.

ಹಣ ಕೊಡುವ ಮುನ್ನ ಟೇಪ್ ಪರೀಕ್ಷೆ

ಬಣ್ಣ ಹೊಡೆದು ವಾರ ಕಳೆದ ಮೇಲೆ ಕಾಣದ ಜಾಗದಲ್ಲಿ ಹೊಸ ಬ್ಲೇಡಿನಿಂದ ಒಂದೂವರೆ ಇಂಚು ಉದ್ದದ ಎರಡು ಗೆರೆಗಳನ್ನು ಅಡ್ಡಾದಿಡ್ಡಿ, ಗುಣಾಕಾರದ ಚಿಹ್ನೆಯ ಹಾಗೆ ಕೊರೆಯಿರಿ. ಬ್ಲೇಡು ಲೋಹ ಮುಟ್ಟಬೇಕು. ಅಗಲದ ಗಟ್ಟಿ ಟೇಪ್ ಅಂಟಿಸಿ, ಬೆರಳಿಂದ ಒತ್ತಿ ಉಜ್ಜಿ, ಒಂದು ನಿಮಿಷ ಬಿಟ್ಟು ಹಿಂದಕ್ಕೆ ಮಡಚಿ ಒಂದೇ ಸಲ ಎಳೆಯಿರಿ. ಗೆರೆಯ ಅಂಚಿನಲ್ಲಿ ಕೂದಲೆಳೆಯಷ್ಟು ಬಂದರೆ ಪರವಾಗಿಲ್ಲ. ಬಣ್ಣ ಪಟ್ಟಿಯಾಗಿ ಟೇಪಿಗೆ ಅಂಟಿ ಬಂದರೆ ಕೆಲಸ ಸರಿ ಆಗಿಲ್ಲ.

ಆದರೆ ಇದನ್ನೇ ನಂಬಿ ಕೂರಬೇಡಿ. ಎನಾಮಲ್ ನೇರ ಸತುವಿನ ಮೇಲೆ ಹೊಡೆದಿದ್ದರೂ ಮೊದಲ ವಾರ ಈ ಪರೀಕ್ಷೆ ಪಾಸಾಗಬಹುದು, ಸಾಬೂನು ಇನ್ನೂ ಹುಟ್ಟಿರೋದಿಲ್ಲ. ಹಾಗಾಗಿ ಟೇಪಿಗಿಂತ ಮೊದಲು ಡಬ್ಬಿ ನೋಡಬೇಕು. ಕೊಟೇಶನ್‌ನಲ್ಲೇ ನಾಲ್ಕು ಸಾಲು ಬರೆಸಿಕೊಳ್ಳಿ: ಪೈಪು ತಗಡಿನ ಸತು ಎಷ್ಟು ಜಿಎಸ್ಎಂ, ತೊಳೆದು ಉಜ್ಜುವುದು ಯಾರ ಹೊಣೆ, ಪ್ರೈಮರ್ ಯಾವ ಜಾತಿ, ವೆಲ್ಡಿಂಗಿಗೆ ಜಿಂಕ್ ರಿಚ್ ಪೇಂಟ್ ಇದೆಯೇ. ಪೈಪು ಕೊಳ್ಳುವಾಗ ಜಿಐಯೋ ಜಿಪಿಯೋ ಅಂತಲೂ ಕೇಳಿ. ಜಿಪಿ ಅಂದರೆ ಮೊದಲೇ ತೆಳುವಾಗಿ ಸತು ಹಚ್ಚಿದ ತಗಡನ್ನು ಸುತ್ತಿ ಬೆಸೆದ ಪೈಪು, ಜಿಐ ಅಂದರೆ ಪೈಪಾದ ಮೇಲೆ ಅದ್ದಿದ್ದು. ನೋಡಲು ಎರಡೂ ಬೆಳ್ಳಗೇ, ಆಯಸ್ಸು ಮಾತ್ರ ಬೇರೆ.

ಎದ್ದ ಬಣ್ಣ ದನದ ಬಾಯಿಗೆ ಹೋಗದಿರಲಿ

ಇದನ್ನು ಹಗುರವಾಗಿ ತಗೋಬೇಡಿ. ಮನೆಗೆ ಬಳಸುವ ಪೇಂಟಿನಲ್ಲಿ ಸೀಸ 90 ಪಿಪಿಎಂ ಮೀರಬಾರದು ಅಂತ 2016ರಲ್ಲಿ ನಿಯಮ ಬಂತು, 2017ರ ನವೆಂಬರ್‌ನಿಂದ ಜಾರಿಯಾಯಿತು. ಆದರೆ ಅದು ಮನೆ ಮತ್ತು ಅಲಂಕಾರದ ಪೇಂಟಿಗೆ. ಕೈಗಾರಿಕೆ ಪೇಂಟಿಗೂ ಅದಕ್ಕಿಂತ ಹಳೆಯ ಡಬ್ಬಿಗೂ ಆ ಭರವಸೆ ಇಲ್ಲ. ದನಕ್ಕೆ ಎದ್ದ ಬಣ್ಣ ನೆಕ್ಕುವ ಚಟ ಇರುತ್ತದೆ. ಕರುಗಳಿಗೆ ಇನ್ನೂ ಹೆಚ್ಚು. ಸೀಸದ ವಿಷ ಏರಿದರೆ ಕಣ್ಣು ಕಾಣದಂತಾಗುವುದು, ಹಲ್ಲು ಕಡಿಯುವುದು, ತಲೆಯನ್ನು ಗೋಡೆಗೆ ಒತ್ತುವುದು, ಸೆಳವು ಬರುತ್ತದೆ. ಹೀಗೆ ಕಂಡರೆ ತಡ ಮಾಡದೆ ಪಶುವೈದ್ಯರನ್ನು ಕರೆಸಿ, ಬಣ್ಣ ನೆಕ್ಕಿದ್ದನ್ನು ಮರೆಯದೆ ಹೇಳಿ.

ಈಗಾಗಲೇ ಬಣ್ಣ ಎದ್ದಿದ್ದರೆ ಅದರ ಮೇಲೇ ಇನ್ನೊಂದು ಕೋಟ್ ಎಳೆಯಬೇಡಿ. ತಳದಲ್ಲಿ ಸಾಬೂನು ಇರುವ ತನಕ ಮೇಲೆ ಎಷ್ಟು ಕೋಟ್ ಹಾಕಿದರೂ ಅಷ್ಟೂ ಸೇರಿ ಏಳುತ್ತವೆ. ದನ ಹೊರಗೆ ಕಟ್ಟಿ, ಕೆಳಗೆ ತಾಡಪಾಲು ಹಾಸಿ, ನೀರು ಚಿಮುಕಿಸುತ್ತಾ ಚಪ್ಪಟೆ ಪಟ್ಟಿಯಿಂದ ಕೆರೆದು ತೆಗೆಯಿರಿ. ಒಣದರಲ್ಲಿ ಉಜ್ಜಿ ಧೂಳು ಎಬ್ಬಿಸಬೇಡಿ, ಬೆಂಕಿ ಹಿಡಿದು ಸುಡಬೇಡಿ. ಚೂರನ್ನು ಚೀಲಕ್ಕೆ ತುಂಬಿ ಬೇರೆ ಇಡಿ. ತಿಪ್ಪೆಗೆ ಎಸೆದರೆ ಮುಂದಿನ ವರ್ಷ ಗೊಬ್ಬರದ ಜೊತೆ ಹೊಲಕ್ಕೇ ಹೋಗುತ್ತದೆ.

ವೆಲ್ಡರ್‌ಗಳಿಗೂ ಒಂದು ಮಾತು. ಸತು ಸುಟ್ಟ ಬಿಳಿ ಹೊಗೆ ಕುಡಿದರೆ ಸಂಜೆಗೆ ಚಳಿ ಜ್ವರ ಬರುತ್ತದೆ. ಬೆಲ್ಲ ತಿಂದರೆ, ಹಾಲು ಕುಡಿದರೆ ಹೋಗುತ್ತದೆ ಅನ್ನೋದು ನಂಬಿಕೆ ಮಾತ್ರ. ಬೆಸೆಯುವ ಜಾಗದ ಸುತ್ತ ಎರಡು ಇಂಚು ಸತು ಮೊದಲೇ ಉಜ್ಜಿ ತೆಗೆದು, ಬಯಲಲ್ಲಿ ಗಾಳಿಗೆ ಬೆನ್ನು ಕೊಟ್ಟು, ಮಾಸ್ಕ್ ಹಾಕಿ ಕೆಲಸ ಮಾಡಿ.

ಕೊನೆಗೆ

ನಮ್ಮ ಶೆಡ್ಡಿನ ಹಸಿರು ಬಣ್ಣವನ್ನೆಲ್ಲ ಕೆರೆದು ತೆಗೆಯಲು ಇಬ್ಬರಿಗೆ ಎಂಟು ದಿನ ಬೇಕಾಯಿತು. ಹೊಡೆಯಲು ಬರೀ ಮೂರು ದಿನ ಆಗಿತ್ತು. ಕೆಳಗೆ ಸತು ಅಷ್ಟರಲ್ಲಿ ಬೂದಾಗಿ ಪಕ್ವವಾಗಿತ್ತು. ಕಂಬದ ಬುಡಕ್ಕೆ, ದನದ ಕಡೆಯ ನಾಲ್ಕು ಅಡಿಗೆ, ವೆಲ್ಡಿಂಗ್ ಗಂಟುಗಳಿಗೆ ಮಾತ್ರ ಎಪಾಕ್ಸಿ ಪ್ರೈಮರ್ ಹಾಕಿ ಬಣ್ಣ ಹೊಡೆಸಿದೆ. ಮೆಣಸಿನಕಾಯಿ ಹರವುವ ಕಡೆ ತಲೆಯ ಮೇಲೆ ಯಾವ ಬಣ್ಣವೂ ಇಲ್ಲ, ಬರಿ ಸತು. ಅದೇ ಪೇಂಟರ್ ಬಂದಿದ್ದ. ಕೆರೆದ ಚೂರಿನ ಜಾರುವ ಹಿಂಬದಿಯನ್ನು ಬೆರಳಿಂದ ಸವರಿ ನೋಡಿ, "ಇಷ್ಟ್ ವರ್ಷ ಹೊಡದೇನ್ರಿ, ಯಾರೂ ಹೇಳಿದ್ದಿಲ್ಲ ನೋಡ್ರಿ" ಅಂದ. ಅವನ ಮೇಲಿನ ಸಿಟ್ಟು ಅಲ್ಲಿಗೇ ಇಳಿಯಿತು.

ಹೊಸದಾಗಿ ಶೆಡ್ಡು, ನೆಟ್ ಹೌಸ್ ಹಾಕಿಸುವವರು ರಾಣೆಬೆನ್ನೂರು ತಾಲೂಕಿನ ಹನುಮನಮಟ್ಟಿ ಕೃಷಿ ವಿಜ್ಞಾನ ಕೇಂದ್ರದಲ್ಲಿ, ಇಲ್ಲವೇ ನಿಮ್ಮ ತಾಲೂಕಿನ ತೋಟಗಾರಿಕೆ ಇಲಾಖೆಯಲ್ಲಿ ನಕ್ಷೆ ತೋರಿಸಿ ಒಂದು ಮಾತು ಕೇಳಿ. ಇದನ್ನು ನಿಮ್ಮೂರಿನ ವೆಲ್ಡರ್, ಪೇಂಟರ್‌ಗೂ ಓದಿ ಹೇಳಿ. ಸಾದಾ ಕಬ್ಬಿಣಕ್ಕೆ ರೆಡ್ ಆಕ್ಸೈಡ್, ಜಿಐಗೆ ಜಿಐ ಪ್ರೈಮರ್. ಇಷ್ಟು ನೆನಪಿದ್ದರೂ ಒಂದು ಸುಗ್ಗಿ ಉಳಿಯುತ್ತದೆ.

ಮುಂದಿನ ವಾರ ಮತ್ತೆ ಭೇಟಿಯಾಗೋಣ.